ರೀಮಾಸ್ಟರ್ ಆದ ಹಳೆ ಗೇಮ್‌ಗಳು: ಯಾವುದನ್ನು ಮತ್ತೆ ಆಡಬೇಕು, ಯಾವುದನ್ನು ಬಿಡಬೇಕು

ಹಳೆ ಗೇಮ್ ಒಂದರ ರೀಮಾಸ್ಟರ್ ಬಂದಿದೆ, ತಗೊಳ್ಳಲಾ ಅಂತ ಯಾರಾದರೂ ಕೇಳಿದರೆ ನಾನು ಕೇಳುವುದು ಒಂದೇ. ಸರಿ ಮಾಡಿರುವುದು ಏನನ್ನ, ಚಿತ್ರವನ್ನಾ ಆಟವನ್ನಾ? ಬರೀ ಚಿತ್ರ ಚೆಂದ ಮಾಡಿದ್ದರೆ ಅದರ ಖುಷಿ ಮೊದಲ ಅರ್ಧ ಗಂಟೆಯಲ್ಲೇ ತೀರಿಹೋಗುತ್ತದೆ. ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ. ಎಲೆ ಎಷ್ಟು ಚೆನ್ನಾಗಿ ಅಲ್ಲಾಡುತ್ತಿದೆ, ನೀರು ಎಷ್ಟು ತಿಳಿಯಾಗಿದೆ ಅಂತ ಯಾರೂ ಕೊನೆಯವರೆಗೆ ನೋಡುತ್ತಾ ಕೂರುವುದಿಲ್ಲ. ಆದರೆ ಕಂಟ್ರೋಲ್ ಸರಿಹೋಗಿದ್ದರೆ, ಸುಮ್ನೆ ಕಾಯುವ ಹೊತ್ತು ಕಮ್ಮಿಯಾಗಿದ್ದರೆ, ಫ್ರೇಮ್ ರೇಟ್ (ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ತಡವರಿಸುವುದು ನಿಂತಿದ್ದರೆ, ಅದು ಕೊನೆಯ ಬಾಸ್, ಅಂದರೆ ಕೊನೆಯ ದೊಡ್ಡ ಶತ್ರುವಿನ ತನಕ ಕೈಗೆ ಗೊತ್ತಾಗುತ್ತಲೇ ಇರುತ್ತದೆ. ಒಮ್ಮೆ ಮುಗಿಸಿದ ಗೇಮಿಗೆ ಮತ್ತೆ ಹತ್ತಾರು ಗಂಟೆ ಕೊಡಬೇಕು ಅಂದರೆ ನನಗೆ ಈ ಎರಡನೆಯದು ಬೇಕು.

ರೀಮಾಸ್ಟರ್ ಅಂದರೆ ಒಳಗಿನ ಗೇಮ್ ಹಳೆಯದೇ, ಚಿತ್ರ, ಸದ್ದು, ರೆಸಲ್ಯೂಶನ್ ಹೊಸದು. ರೀಮೇಕ್‌ನಲ್ಲಿ ಗೇಮನ್ನು ಮೊದಲಿನಿಂದ ಕಟ್ಟಿರುತ್ತಾರೆ. ನಡುವೆ ಸುಮಾರು ಗೇಮ್‌ಗಳು ಎರಡಕ್ಕೂ ಸೇರದೆ ನಿಂತಿವೆ, ಕಂಪನಿಗಳು ತಮಗೆ ಬೇಕಾದ ಹೆಸರು ಹಾಕಿಕೊಳ್ಳುತ್ತವೆ. ಹೆಸರು ನೋಡಿ ಕೊಳ್ಳಬೇಡಿ, ಅಷ್ಟೇ.

ಡಯಾಬ್ಲೊ 2 ರಿಸರಕ್ಟೆಡ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ರೀಮಾಸ್ಟರ್ ಹೇಗಿರಬೇಕು ಅನ್ನುವುದಕ್ಕೆ ತುಂಬಾ ಹತ್ತಿರ ಬರುವುದು ಅದೇ. ಮೂಲ ಗೇಮ್ 2000ದಲ್ಲಿ ಬಂತು, ಇದು 2021ರ ಸೆಪ್ಟೆಂಬರ್‌ನಲ್ಲಿ. ಪಿಸಿಯಲ್ಲಿ ಆಡುತ್ತಾ ಆಡುತ್ತಲೇ ಜಿ ಕೀ ಒತ್ತಿದರೆ ಹೊಸ ಗ್ರಾಫಿಕ್ಸ್ ಮರೆಯಾಗಿ ಅದೇ ಜಾಗ, ಅದೇ ಗಳಿಗೆ ಹಳೆ ರೂಪದಲ್ಲಿ ಕಾಣುತ್ತದೆ. ಇದು ಸಾಧ್ಯವಾಗಿರುವುದು ಒಳಗೆ ಓಡುತ್ತಿರುವುದು ಹಳೆ ಗೇಮೇ ಆಗಿರುವುದರಿಂದ. ಏಟು ತಾಗಿತೋ ಇಲ್ಲವೋ, ಯಾವ ವಸ್ತು ಉದುರಿತು, ರಾಕ್ಷಸ ಯಾವ ಕಡೆ ತಿರುಗಿದ, ಇದನ್ನೆಲ್ಲ ಈಗಲೂ ಸೆಕೆಂಡಿಗೆ 25 ಸಲ ಲೆಕ್ಕ ಹಾಕುವ ಆ ಹಳೆ ಕೋಡೇ ತೀರ್ಮಾನಿಸುತ್ತದೆ, 3ಡಿ ಚಿತ್ರ ಅದರ ಮೇಲೆ ಹಾಸಿದ ಪದರ ಮಾತ್ರ. ಹಾಗಾಗಿ ಹಳೆ ಗೇಮಿನಲ್ಲಿ ಬೆರಳಿಗೆ ಕೂತಿದ್ದ ಲಯ ಒಂದು ಚೂರೂ ಕದಡಿಲ್ಲ. ಸಿಂಗಲ್ ಪ್ಲೇಯರ್‌ನ ಹಳೆ ಸೇವ್ ಫೈಲ್ ಇನ್ನೂ ನಿಮ್ಮ ಹತ್ತಿರ ಇದ್ದರೆ ಅದನ್ನೂ ತಂದು ಮುಂದುವರಿಸಬಹುದು.

ಮುಟ್ಟಿರುವ ಕಡೆಗಳು ಸಣ್ಣವು, ಆದರೆ ಆಡಿದವರಿಗೆ ಅವುಗಳ ಬೆಲೆ ಗೊತ್ತು. ಮೊದಲೆಲ್ಲ ಚಿನ್ನ ಬಿದ್ದರೆ ಪ್ರತಿ ಸಲ ಅದರ ಮೇಲೆ ಕ್ಲಿಕ್ ಮಾಡಬೇಕಿತ್ತು, ಈಗ ಮೇಲೆ ನಡೆದರೆ ಸಾಕು. ಒಂದು ಪಾತ್ರಕ್ಕೆ ಸಿಕ್ಕ ಕತ್ತಿಯನ್ನು ನಿಮ್ಮದೇ ಇನ್ನೊಂದು ಪಾತ್ರಕ್ಕೆ ಕೊಡಬೇಕು ಅಂದರೆ ಆನ್‌ಲೈನ್‌ನಲ್ಲಿ ಒಂದು ಗೇಮ್ ತೆರೆದು, ಕತ್ತಿಯನ್ನು ನೆಲಕ್ಕೆ ಹಾಕಿ, ಹೊರಗೆ ಹೋಗಿ, ಇನ್ನೊಂದು ಪಾತ್ರ ಹಿಡಿದು ಓಡಿಬರಬೇಕಿತ್ತು, ಅಷ್ಟರಲ್ಲಿ ಗೇಮ್ ಮುಚ್ಚಿಹೋದರೆ ಕತ್ತಿಯೂ ಹೋಯಿತು. ಈಗ ಎಲ್ಲ ಪಾತ್ರಗಳಿಗೂ ಸೇರಿದ ಒಂದು ಪೆಟ್ಟಿಗೆ ಇದೆ. ಕಂಟ್ರೋಲರ್ ಹಿಡಿದರೆ ಪಾತ್ರವನ್ನು ನೇರವಾಗಿ ಓಡಿಸಬಹುದು, ಅದು ಮೌಸ್‌ಗಿಂತ ಬೇರೆಯೇ ಅನುಭವ. ಕೊರತೆ ಇಲ್ಲ ಅಂತಲ್ಲ. ಹಳೆ ಗೇಮಿನಲ್ಲಿ ಐಪಿ ವಿಳಾಸ ಹಾಕಿ ಗೆಳೆಯರ ಜೊತೆ ನೇರವಾಗಿ ಆಡಬಹುದಿತ್ತು, ಅದನ್ನು ತೆಗೆದುಹಾಕಿದ್ದು ನನಗೆ ಇವತ್ತಿಗೂ ಬೇಸರ. ಬಿಡುಗಡೆಯಾದ ಮೊದಲ ವಾರಗಳಲ್ಲಿ ಸರ್ವರ್‌ಗಳು ಮತ್ತೆ ಮತ್ತೆ ಬಿದ್ದವು, ಅದಕ್ಕೆ ಹಳೆ ಕೋಡ್ ಕೂಡ ಒಂದು ಕಾರಣ ಅಂತ ಕಂಪನಿಯೇ ವಿವರವಾಗಿ ಬರೆಯಿತು. ಆದರೂ ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ಹೌದು, ಆಡಿ ಅನ್ನುತ್ತೇನೆ.

ಹಳೆಯದಕ್ಕೂ ಹೊಸದಕ್ಕೂ ದಾಟಿಸುವ ಇಂಥ ಬಟನ್ ಇದ್ದರೆ ಇನ್ನೊಂದು ಲಾಭ ಇದೆ. ಏನು ಕಳೆದುಹೋಗಿದೆ ಅಂತ ನೀವೇ ನೋಡಿಕೊಳ್ಳಬಹುದು. 2001ರ ಹೇಲೊ ಗೇಮಿಗೆ 2011ರಲ್ಲಿ ಆ್ಯನಿವರ್ಸರಿ ಆವೃತ್ತಿ ಬಂತು. ಅದರಲ್ಲಿ 343 ಗಿಲ್ಟಿ ಸ್ಪಾರ್ಕ್ ಅನ್ನುವ ಜೌಗಿನ ಲೆವೆಲ್ ಇದೆಯಲ್ಲ, ಫ್ಲಡ್ ಅನ್ನುವ ಭೀಕರ ಜೀವಿಗಳು ಮೊದಲ ಸಲ ಕಾಣಿಸಿಕೊಳ್ಳುವ ಜಾಗ, ಅಲ್ಲಿ ನಿಂತು ಬಟನ್ ಒತ್ತಿ ನೋಡಿ. ಹಳೆಯದರಲ್ಲಿ ಕತ್ತಲು, ಮಂಜು, ಮುಂದೆ ಏನಿದೆ ಅಂತ ತಿಳಿಯದ ದಿಗಿಲು. ಹೊಸದರಲ್ಲಿ ಎಲ್ಲ ಕಡೆ ಬೆಳಕು, ಗಿಡಮರ, ಬಣ್ಣ. ನೋಡಲು ಚೆಂದವೇ ಇದೆ, ಆದರೆ ಹೆದರಿಕೆ ಹೊರಟುಹೋಗಿದೆ. ಇನ್ನೊಂದು ತೊಂದರೆ ಅಂದರೆ, ಒಳಗಿನ ಲೆಕ್ಕ ಹಳೆಯದು, ಹೊರಗಿನ ಬಂಡೆ ಹೊಸದು, ಎರಡರ ಆಕಾರ ಕೆಲವು ಕಡೆ ಹೊಂದುವುದಿಲ್ಲ. ಕಣ್ಣಿಗೆ ಖಾಲಿ ಕಾಣುವ ಜಾಗದಲ್ಲಿ ಗುಂಡು ಏನಕ್ಕೋ ಬಡಿದು ನಿಲ್ಲುತ್ತದೆ. ನನ್ನ ಸಲಹೆ ಇಷ್ಟೇ, ಹೇಲೊವನ್ನು ಮತ್ತೆ ಆಡಿ, ಆದರೆ ಜಾಸ್ತಿ ಹೊತ್ತು ಹಳೆ ಗ್ರಾಫಿಕ್ಸ್‌ನಲ್ಲೇ ಆಡಿ. ಆ ಆಯ್ಕೆ ಉಳಿಸಿಕೊಟ್ಟಿದ್ದಾರಲ್ಲ, ಅದಕ್ಕೇ ಈ ರೀಮಾಸ್ಟರ್ ಮೇಲೆ ನನಗೆ ಗೌರವ.

ಫ್ರೇಮ್ ರೇಟ್ ವಿಷಯಕ್ಕೆ ಬಂದರೆ ಶ್ಯಾಡೊ ಆಫ್ ದ ಕೊಲೊಸಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗುವುದಿಲ್ಲ. 2005ರಲ್ಲಿ ಪ್ಲೇಸ್ಟೇಷನ್ 2ರಲ್ಲಿ ಬಂದ ಗೇಮ್. ಹದಿನಾರು ದೈತ್ಯರು, ಅವರ ಮೈಮೇಲೆ ಹತ್ತಿ ಕೂದಲು ಹಿಡಿದು ನೇತಾಡುವುದೇ ಆಟ. ಆ ಯಂತ್ರದ ಶಕ್ತಿಗೆ ಮೀರಿದ ಕೆಲಸ ಅದು, ದೈತ್ಯ ಮೈ ಕೊಡವಿದಾಗ ಫ್ರೇಮ್ ರೇಟ್ ಎಷ್ಟು ಇಳಿಯುತ್ತಿತ್ತು ಅಂದರೆ ಕ್ಯಾಮೆರಾ ತಿರುಗಿಸುವುದೇ ಹೋರಾಟ. 2011ರಲ್ಲಿ ಬ್ಲೂಪಾಯಿಂಟ್ ತಂಡ ಪ್ಲೇಸ್ಟೇಷನ್ 3ಕ್ಕೆ ಅದನ್ನು ಎಚ್‌ಡಿ ಮಾಡಿತು, 2018ರಲ್ಲಿ ಅದೇ ತಂಡ ಪ್ಲೇಸ್ಟೇಷನ್ 4ಕ್ಕೆ ಇಡೀ ಚಿತ್ರವನ್ನು ಹೊಸದಾಗಿ ಕಟ್ಟಿತು. ದೈತ್ಯರ ನಡೆ, ಜಾಗದ ಅಂತರ, ಕುದುರೆ ಹೇಳಿದ ಮಾತು ಕೇಳದೆ ತನ್ನಷ್ಟಕ್ಕೆ ತಿರುಗುವ ಸ್ವಭಾವ, ಇದ್ಯಾವುದನ್ನೂ ಮುಟ್ಟಲಿಲ್ಲ. ಕಂಟ್ರೋಲ್‌ಗೆ ಹೊಸ ಜೋಡಣೆ ಕೊಟ್ಟರು, ಹಳೆಯದನ್ನೂ ಆಯ್ಕೆಯಾಗಿ ಇಟ್ಟರು. ಮೊದಲ ಸಲ ಆಡಿದಾಗ ಕೈ ಜಾರಿ ಬಿದ್ದರೆ ತಪ್ಪು ನನ್ನದೋ ಯಂತ್ರದ್ದೋ ಅಂತ ತಿಳಿಯುತ್ತಿರಲಿಲ್ಲ, ಈಗ ಅದು ಸ್ಪಷ್ಟ. ಆಟಕ್ಕೆ ಆಗುವ ದೊಡ್ಡ ಉಪಕಾರ ಅದು. ಬಣ್ಣ ಮಾತ್ರ ಮೂಲದ ಮಸುಕಾದ, ಬಿಳಿಚಿದ ಬೆಳಕಿಗಿಂತ ಬೇರೆ, ಕೆಲವರಿಗೆ ಅದು ಹಿಡಿಸಲಿಲ್ಲ. ಅವರ ಮಾತಿನಲ್ಲಿ ನ್ಯಾಯ ಇದೆ. ಆದರೂ ಈ ಗೇಮನ್ನು ಇನ್ನೊಮ್ಮೆ ಆಡದೆ ಬಿಡುವುದು ದೊಡ್ಡ ನಷ್ಟ.

ಡಾರ್ಕ್ ಸೋಲ್ಸ್ ಕೂಡ ಹಾಗೇ. 2011ರ ಗೇಮ್, 2018ರಲ್ಲಿ ರೀಮಾಸ್ಟರ್. ಬ್ಲೈಟ್‌ಟೌನ್ ಅನ್ನುವ ಮರದ ಅಟ್ಟಣಿಗೆಗಳ ಜಾಗ ಹಳೆ ಕನ್ಸೋಲ್‌ಗಳಲ್ಲಿ ಎಷ್ಟು ತಡವರಿಸುತ್ತಿತ್ತು ಅಂದರೆ ಅದರ ಹೆಸರೇ ಒಂದು ಬೈಗುಳ ಆಗಿತ್ತು. ರೀಮಾಸ್ಟರ್‌ನಲ್ಲಿ, ನಿಂಟೆಂಡೊ ಸ್ವಿಚ್ ಬಿಟ್ಟು ಉಳಿದ ಕಡೆ, 60 ಫ್ರೇಮ್‌ಗಳಲ್ಲಿ ಓಡುತ್ತದೆ. ಗುರಾಣಿ ಎತ್ತುವ ಗಳಿಗೆ, ಉರುಳುವ ಗಳಿಗೆ ನಂಬಿಕೆಗೆ ಬರುತ್ತದೆ. ಆದರೆ ಎರಡನೇ ಅರ್ಧದಲ್ಲಿ ಅವಸರದಲ್ಲಿ ಮುಗಿಸಿದಂತಿರುವ ಲಾಸ್ಟ್ ಇಜಲಿತ್ ಅನ್ನುವ ಜಾಗ ಹಾಗೇ ಇದೆ, ಅಲ್ಲಿ ಯಾರೂ ಕೈ ಹಾಕಿಲ್ಲ.

ಕಾಯಿಸುವ ಗೇಮ್‌ಗಳ ವಿಷಯ ಇನ್ನೂ ಮುಖ್ಯ ಅಂತ ನನ್ನ ಅನಿಸಿಕೆ. ವಯಸ್ಸಾದಂತೆ ಸಿಗುವ ಬಿಡುವು ಕಮ್ಮಿ, ಅದರಲ್ಲಿ ಒಂದು ಗಂಟೆ ಆಡಲು ಕೂತಾಗ ಅರ್ಧ ಗಂಟೆ ಸುಮ್ನೆ ನಡೆಯುವುದರಲ್ಲಿ ಹೋದರೆ ಆ ಗೇಮನ್ನು ಮತ್ತೆ ತೆರೆಯಲು ಮನಸ್ಸಾಗುವುದಿಲ್ಲ. ಜೆಲ್ಡಾ ಸರಣಿಯ ವಿಂಡ್ ವೇಕರ್ 2002ರಲ್ಲಿ ಜಪಾನಿನಲ್ಲಿ ಬಂತು. ಅದರಲ್ಲಿ ಸಮುದ್ರಯಾನವೇ ಜೀವ, ಆದರೆ ದಿಕ್ಕು ಬದಲಿಸಬೇಕಾದಾಗಲೆಲ್ಲ ಗಾಳಿಯ ದಿಕ್ಕು ಬದಲಿಸುವ ರಾಗ ನುಡಿಸಬೇಕು, ಆ ದೃಶ್ಯ ಮುಗಿಯುವ ತನಕ ಕಾಯಬೇಕು. 2013ರ ಎಚ್‌ಡಿ ಆವೃತ್ತಿಯಲ್ಲಿ ಹೊಸ ಹಾಯಿ ಸಿಗುತ್ತದೆ, ಅದನ್ನು ಏರಿಸಿದರೆ ದೋಣಿ ವೇಗವಾಗಿ ಹೋಗುತ್ತದೆ, ಗಾಳಿ ಯಾವಾಗಲೂ ನಿಮ್ಮ ಬೆನ್ನಿಗೇ. ಕೊನೆಯ ಭಾಗದಲ್ಲಿ ಟ್ರೈಫೋರ್ಸ್ ಚೂರುಗಳನ್ನು ಹುಡುಕುವ ಉದ್ದದ ಅಲೆದಾಟವನ್ನೂ ಮೊಟಕು ಮಾಡಿದ್ದಾರೆ. ಹಳೆ ಗೇಮನ್ನು ಅರ್ಧಕ್ಕೆ ಬಿಟ್ಟ ಎಷ್ಟೋ ಜನ ಬಿಟ್ಟಿದ್ದು ಅಲ್ಲೇ. ಅದೇ ಸರಣಿಯ ಆಕರೀನಾ ಆಫ್ ಟೈಮ್‌ನ ನೀರಿನ ದೇಗುಲ ಕೂಡ ಹಾಗೇ. 1998ರ ಗೇಮಿನಲ್ಲಿ ಕಬ್ಬಿಣದ ಬೂಟು ಹಾಕಲು ಒಂದು ಸಲ, ತೆಗೆಯಲು ಒಂದು ಸಲ ಮೆನುಗೆ ಹೋಗಬೇಕು, ಆ ದೇಗುಲದಲ್ಲಿ ಬೂಟು ಹಾಕಿ ಮುಳುಗು, ತೆಗೆದು ತೇಲು, ಇದೇ ಕೆಲಸ. 2011ರ 3ಡಿ ಆವೃತ್ತಿಯಲ್ಲಿ ಬೂಟನ್ನೂ ಒಂದು ಬಟನ್‌ಗೆ ಹಾಕಿಕೊಳ್ಳಬಹುದು, ನೀರಿನ ಮಟ್ಟ ಬದಲಿಸುವ ಕಡೆಗೆ ದಾರಿ ತೋರುವ ಬಣ್ಣದ ಗೆರೆಗಳೂ ಇವೆ. ಒಗಟು ಅದೇ. ತೊಡಕು ಮಾತ್ರ ಹೋಗಿದೆ. ಎರಡನ್ನೂ ಮತ್ತೆ ಆಡಿ ಅಂತಲೇ ಹೇಳುತ್ತೇನೆ, ಆ ಕನ್ಸೋಲ್ ಕೈಗೆ ಸಿಕ್ಕರೆ.

ಮಾಸ್ ಎಫೆಕ್ಟ್ ಲೆಜೆಂಡರಿ ಎಡಿಷನ್ 2021ರ ಮೇನಲ್ಲಿ ಬಂತು. 2007, 2010, 2012ರ ಮೂರು ಗೇಮ್‌ಗಳು ಒಂದೇ ಕಡೆ. ಇಲ್ಲಿ ನಿಜವಾದ ಲಾಭ ಮೊದಲ ಗೇಮಿಗೆ. ಹಳೆಯದರಲ್ಲಿ ಬಂದೂಕು ಗುರಿ ಹಿಡಿದರೆ ಕೈ ನಡುಗುವವನ ಥರ ಓಲಾಡುತ್ತಿತ್ತು, ಮಾಕೊ ಅನ್ನುವ ಗಾಡಿ ಸಣ್ಣ ದಿಬ್ಬಕ್ಕೂ ಪುಟಿದು ಬೀಳುತ್ತಿತ್ತು, ಲಿಫ್ಟ್ ಹತ್ತಿದರೆ ಇಳಿಯುವ ತನಕ ಸುಮ್ನೆ ನಿಂತಿರಬೇಕಿತ್ತು. ಇದೆಲ್ಲ ಸುಧಾರಿಸಿದೆ. ಲಿಫ್ಟ್‌ನಲ್ಲಿ ಜೊತೆಗಾರರು ಆಡುವ ಮಾತು ಕೇಳಬೇಕು ಅಂದರೆ ಕೇಳಬಹುದು, ಬೇಡ ಅಂದರೆ ಮುಂದೆ ಹೋಗಬಹುದು. ಮೂರೂ ಗೇಮ್ ಒಟ್ಟಿಗೆ ಆಡುವುದರ ಸುಖವೇ ಬೇರೆ, ಮೊದಲನೆಯದರಲ್ಲಿ ನೀವು ಉಳಿಸಿದವರು ಮೂರನೆಯದರಲ್ಲಿ ಎದುರು ಬಂದು ನಿಲ್ಲುತ್ತಾರೆ, ನಡುವೆ ವರ್ಷಗಟ್ಟಲೆ ಬಿಡುವು ಇಲ್ಲದಿರುವುದರಿಂದ ಆ ನೆನಪು ಹಸಿಯಾಗಿರುತ್ತದೆ. ಪಿನಕಲ್ ಸ್ಟೇಷನ್ ಅನ್ನುವ ಒಂದು ಹೆಚ್ಚುವರಿ ಭಾಗ ಮಾತ್ರ ಇಲ್ಲ, ಅದರ ಸೋರ್ಸ್ ಕೋಡ್, ಅಂದರೆ ಗೇಮ್ ಕಟ್ಟಲು ಬರೆದ ಮೂಲ ಕೋಡ್, ಕೆಟ್ಟುಹೋಗಿತ್ತು ಅಂತ ಡೆವಲಪರ್‌ಗಳು ಹೇಳಿದರು. ಮೂರನೇ ಗೇಮಿನ ಮಲ್ಟಿಪ್ಲೇಯರ್ ಕೂಡ ಬಿಟ್ಟಿದ್ದಾರೆ, ಅದು ಬಹಳ ಜನಕ್ಕೆ ಇಷ್ಟವಾಗಿದ್ದ ಭಾಗ. ಅಷ್ಟಾದರೂ ಮೂರೂ ಗೇಮ್‌ಗಳನ್ನು ಈಗ ಆಡಲು ಇದೇ ಸರಿಯಾದ ದಾರಿ.

ಏಜ್ ಆಫ್ ಎಂಪೈರ್ಸ್ 2ರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಊರು ಕಟ್ಟಿ ಸೈನ್ಯ ಬೆಳೆಸುವ 1999ರ ಗೇಮ್, 2019ರ ಡೆಫಿನಿಟಿವ್ ಎಡಿಷನ್. ಹೊಲಗಳು ತಾವಾಗಿಯೇ ಮತ್ತೆ ಬಿತ್ತನೆಯಾಗುವಂತೆ ಮಾಡಬಹುದು, ಸ್ಕೌಟ್ ತಾನಾಗಿಯೇ ನಕ್ಷೆ ತೆರೆದುಕೊಂಡು ಬರುತ್ತಾನೆ. ಹೊಸ ವಿಸ್ತರಣೆಗಳು ವರ್ಷ ವರ್ಷ ಬರುತ್ತಲೇ ಇವೆ. ಇದನ್ನು ಮತ್ತೆ ಆಡಬೇಕಾ ಅನ್ನುವ ಪ್ರಶ್ನೆಯೇ ಇಲ್ಲ, ಜನ ಆಡುವುದನ್ನು ನಿಲ್ಲಿಸಿಯೇ ಇಲ್ಲ.

ಇನ್ನು ಕೆಟ್ಟುಹೋದವುಗಳ ಕಡೆ ಬರೋಣ. ಗ್ರ್ಯಾಂಡ್ ಥೆಫ್ಟ್ ಆಟೊ (ಜಿಟಿಎ) ಸರಣಿಯ ಮೂರು ಗೇಮ್‌ಗಳು, ಅಂದರೆ 2001ರ ಮೂರನೆಯದು, 2002ರ ವೈಸ್ ಸಿಟಿ, 2004ರ ಸ್ಯಾನ್ ಆ್ಯಂಡ್ರಿಯಾಸ್, ಇವು ಸೇರಿ 2021ರ ನವೆಂಬರ್‌ನಲ್ಲಿ ಟ್ರಿಲಜಿ ಅಂತ ಬಂದವು. ಇವುಗಳ ಮೇಲೆ ಎಷ್ಟು ಪ್ರೀತಿ ಇತ್ತೋ ಅಷ್ಟೇ ನೋವಾಯಿತು. ಸ್ಯಾನ್ ಆ್ಯಂಡ್ರಿಯಾಸ್ ಮೂಲದಲ್ಲಿ ದೂರದ ಜಾಗಗಳು ಕಿತ್ತಳೆ ಬಣ್ಣದ ಮಬ್ಬಿನಲ್ಲಿ ಕರಗಿರುತ್ತಿದ್ದವು. ಪ್ಲೇಸ್ಟೇಷನ್ 2ರಲ್ಲಿ ಇದ್ದಿದ್ದು 32 ಎಂಬಿ ಮೆಮೊರಿ, ಅಷ್ಟು ದೂರ ತೋರಿಸಲು ಸಾಧ್ಯವೇ ಇರಲಿಲ್ಲ, ಅದಕ್ಕೆ ಮಬ್ಬು. ಆದರೆ ಆ ಮಬ್ಬು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು, ಮೂರು ನಗರ, ಒಂದು ಮರುಭೂಮಿ, ಹಳ್ಳಿಗಾಡು ಎಲ್ಲ ಸೇರಿ ಒಂದು ಇಡೀ ರಾಜ್ಯ ಅಂತ ನಂಬಿಸುತ್ತಿತ್ತು. ರೀಮಾಸ್ಟರ್‌ನಲ್ಲಿ ಅದನ್ನು ತೆಗೆದುಬಿಟ್ಟರು. ಎತ್ತರಕ್ಕೆ ಏರಿ ನೋಡಿದರೆ ಆ ಕಡೆಯ ನಗರ, ಈ ಕಡೆಯ ಬೆಟ್ಟ ಎಲ್ಲ ಪಕ್ಕಪಕ್ಕದಲ್ಲೇ ಕಾಣುತ್ತವೆ. ಅಷ್ಟು ದೊಡ್ಡದು ಅಂದುಕೊಂಡಿದ್ದ ಲೋಕ ಒಂದೇ ನೋಟಕ್ಕೆ ಮುಗಿದುಹೋಗುತ್ತದೆ.

ಮಳೆ ಬಂದರೆ ಪರದೆ ತುಂಬಾ ಬಿಳಿ ಗೀಟು, ರಸ್ತೆ ಕಾಣದು. ಹಳೆ ಚಿತ್ರಗಳನ್ನು ಸಾಫ್ಟ್‌ವೇರ್ ಮೂಲಕ ದೊಡ್ಡದು ಮಾಡಿದ್ದರಿಂದ ಅಂಗಡಿಗಳ ಬೋರ್ಡ್‌ನಲ್ಲಿ ಅಕ್ಷರಗಳೇ ತಪ್ಪಾಗಿದ್ದವು. ಎಲ್ಲಕ್ಕಿಂತ ನನಗೆ ತಟ್ಟಿದ್ದು ಟಫ್ ನಟ್ ಅನ್ನುವ ಡೋನಟ್ ಅಂಗಡಿಯ ಗುರುತು. ಮೂಲದಲ್ಲಿ ಅಂಗಡಿ ಮೇಲೆ ನಿಂತಿದ್ದು ಬೋಲ್ಟ್‌ಗೆ ಹಾಕುವ ನಟ್, ಮೂಲೆ ಮೂಲೆ ಇರುವಂಥದ್ದು, ಬೇಕಂತಲೇ ಹಾಗೆ ಮಾಡಿದ್ದು. ಮೂಲೆಗಳನ್ನೆಲ್ಲ ನಯ ಮಾಡುವ ಭರದಲ್ಲಿ ಅದೂ ದುಂಡಗಾಗಿ ಟೈರ್ ಥರ ಆಗಿಬಿಟ್ಟಿತ್ತು. ಅಂದರೆ ಮೂಲ ಗೇಮನ್ನು ಮಾಡಿದವರು ಏನು ಯೋಚಿಸಿದ್ದರು ಅಂತ ಒಂದು ಸಲ ನಿಂತು ನೋಡುವಷ್ಟು ವ್ಯವಧಾನ ಯಾರಿಗೂ ಸಿಕ್ಕಿರಲಿಲ್ಲ. ಆಮೇಲೆ ಕಂಪನಿ ಕ್ಷಮೆ ಕೇಳಿತು, ತಪ್ಪು ತಿದ್ದುವ ಅಪ್‌ಡೇಟ್‌ಗಳು, ಅಂದರೆ ಪ್ಯಾಚ್‌ಗಳು ಬಂದವು. 2024ರ ನವೆಂಬರ್‌ನಲ್ಲಿ ಬಂದ ಅಪ್‌ಡೇಟ್‌ನಲ್ಲಿ ಹಳೆ ಬೆಳಕನ್ನು ಹೋಲುವ ಆಯ್ಕೆಯೂ ಸೇರಿತು. ಈಗಿನ ರೂಪ ಮೊದಲಿಗಿಂತ ಎಷ್ಟೋ ಮೇಲು. ಆದರೆ ಇದನ್ನು ಆಡುವುದಾದರೆ ಆ ಹಳೆ ಬೆಳಕು ಹಾಕಿಕೊಂಡೇ ಆಡಿ, ಮೂಲ ಗೇಮ್ ನಿಮ್ಮ ಹತ್ತಿರ ಇದ್ದರೆ ಅದನ್ನೇ ಆಡಿ.

ಮಂಜಿನ ವಿಷಯದಲ್ಲಿ ಇದಕ್ಕಿಂತ ಮುಂಚೆಯೇ ಒಂದು ಪಾಠ ಸಿಕ್ಕಿತ್ತು. 2012ರ ಸೈಲೆಂಟ್ ಹಿಲ್ ಎಚ್‌ಡಿ ಕಲೆಕ್ಷನ್‌ನಲ್ಲಿ ಎರಡನೇ ಮತ್ತು ಮೂರನೇ ಗೇಮ್‌ಗಳಿವೆ. ಅದನ್ನು ಮಾಡಿದ ತಂಡಕ್ಕೆ ಸಿಕ್ಕಿದ್ದು ಪೂರ್ತಿಯಾದ ಸೋರ್ಸ್ ಕೋಡ್ ಅಲ್ಲ, ಬಿಡುಗಡೆಗೆ ಮುಂಚಿನ ಯಾವುದೋ ಹಂತದ್ದು. ಮೂಲ ಡೆವಲಪರ್‌ಗಳು ಒಮ್ಮೆ ಸರಿಮಾಡಿದ್ದ ಬಗ್‌ಗಳನ್ನು ಇವರು ಮತ್ತೆ ಸರಿಮಾಡಬೇಕಾಯಿತು. ಎರಡನೇ ಗೇಮಿನಲ್ಲಿ ಮಂಜು ತೆಳುವಾಗಿ, ಅದರ ಹಿಂದೆ ಮುಚ್ಚಿಟ್ಟಿದ್ದ ನಕ್ಷೆಯ ಅಂಚುಗಳೆಲ್ಲ ಹೊರಗೆ ಕಾಣತೊಡಗಿದವು. ಆ ತಂಡದ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟು ಇರುವುದು ಕೋಡ್ ಜೋಪಾನ ಮಾಡದೆ ಬಿಟ್ಟ ಪದ್ಧತಿಯ ಮೇಲೆ. ಇದನ್ನು ಆಡಬೇಡಿ.

ಕ್ರ್ಯಾಶ್ ಬ್ಯಾಂಡಿಕೂಟ್‌ನದು ಬೇರೆ ಥರದ ಕಥೆ. 2017ರ ಎನ್. ಸೇನ್ ಟ್ರಿಲಜಿ ನೋಡಲು ಬಹಳ ಚೆಂದ, ಮೂರೂ ಗೇಮ್‌ಗಳ ಲೆವೆಲ್‌ಗಳನ್ನು ಅಳತೆ ಹಿಡಿದು ಕಟ್ಟಿದ್ದಾರೆ. ಆದರೆ ಪಾತ್ರದ ಕಾಲಿನ ಅಡಿಯ ಆಕಾರವನ್ನು ಗೇಮ್ ಲೆಕ್ಕ ಹಾಕುವ ರೀತಿ ಬದಲಾಗಿದೆ, ಅಡಿ ದುಂಡಗಿದೆ. ಹಾಗಾಗಿ ಅಂಚಿಗೆ ಹಾರಿ ನಿಂತರೆ ಮೂಲದಲ್ಲಿ ನಿಲ್ಲುತ್ತಿದ್ದವನು ಇಲ್ಲಿ ಜಾರಿ ಬೀಳುತ್ತಾನೆ. ಮೊದಲ ಗೇಮಿನ ಸೇತುವೆ ಲೆವೆಲ್‌ಗಳಲ್ಲಿ ಇದು ಜೀವ ತಿನ್ನುತ್ತದೆ. ಕಣ್ಣಿಗೆ ಕಾಣದ ಇಂಥ ಒಂದು ಸಣ್ಣ ಬದಲಾವಣೆ, ಹಳೆ ಕೈಗಳಿಗೆ ಇಡೀ ಗೇಮ್ ಬೇರೆ ಅನಿಸುವಂತೆ ಮಾಡುತ್ತದೆ. ಸ್ಟಾರ್‌ಕ್ರಾಫ್ಟ್ ರೀಮಾಸ್ಟರ್ಡ್ ಅದೇ ವರ್ಷ ಬಂತು, ಅವರು ಮಾಡಿದ್ದು ಇದಕ್ಕೆ ತದ್ವಿರುದ್ಧ. 1998ರ ಗೇಮಿನಲ್ಲಿ ಒಂದು ಸಲಕ್ಕೆ 12 ಸೈನಿಕರನ್ನು ಮಾತ್ರ ಆರಿಸಬಹುದಿತ್ತು, ಈಗಲೂ ಅಷ್ಟೇ. ಸೈನಿಕರು ದಾರಿ ತಪ್ಪಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದೂ ಹಾಗೇ ಇದೆ. ಸ್ಪರ್ಧೆಗಳಲ್ಲಿ ಆಡುವವರ ಕೌಶಲವೆಲ್ಲ ಆ ಮಿತಿಗಳ ಮೇಲೆಯೇ ಬೆಳೆದಿತ್ತು, ಅದನ್ನು ತೆಗೆದಿದ್ದರೆ ಆಟವೇ ಸತ್ತುಹೋಗುತ್ತಿತ್ತು.

ನನಗೆ ತಡೆಯಲಾಗದ ಕೋಪ ಬರುವುದು ರೀಮಾಸ್ಟರ್ ಬಂದ ನೆಪದಲ್ಲಿ ಮೂಲವನ್ನು ತೆಗೆದುಹಾಕಿದಾಗ. 2020ರ ಜನವರಿಯಲ್ಲಿ ವಾರ್‌ಕ್ರಾಫ್ಟ್ 3 ರಿಫೋರ್ಜ್ಡ್ ಬಂತು. ಮೊದಲು ತೋರಿಸಿದ್ದ ಹೊಸ ಕಥಾದೃಶ್ಯಗಳು ಅದರಲ್ಲಿ ಇರಲಿಲ್ಲ, ಅದು ಒಂದು ಮಾತು. ಅದಕ್ಕಿಂತ ಕೆಟ್ಟದ್ದು, ಹಳೆ ಗೇಮನ್ನು ಕೊಂಡು ಇಟ್ಟುಕೊಂಡಿದ್ದವರಿಗೂ ಆನ್‌ಲೈನ್ ಆಡಬೇಕಾದರೆ ಹೊಸ ಕ್ಲೈಂಟನ್ನೇ (ಗೇಮ್ ಓಡಿಸುವ ಸಾಫ್ಟ್‌ವೇರ್) ಇಳಿಸಿಕೊಳ್ಳಬೇಕಾಯಿತು, ಅದರಲ್ಲಿ ರ‍್ಯಾಂಕಿಂಗ್ ಪಟ್ಟಿಯಂಥ ಮೊದಲಿದ್ದ ಸೌಲಭ್ಯಗಳೇ ಇರಲಿಲ್ಲ. ಹೊಸದನ್ನು ಕೊಳ್ಳದವರ ಗೇಮ್ ಕೂಡ ಹಾಳಾಯಿತು ಅಂದರೆ ಅದು ಯಾವ ನ್ಯಾಯ? ಕೊನೆಗೆ ಹಣ ವಾಪಸ್ ಕೊಡುವ ವ್ಯವಸ್ಥೆ ಮಾಡಿದರು, ವರ್ಷಗಳ ನಂತರ ಸುಮಾರು ಸರಿಯೂ ಮಾಡಿದ್ದಾರೆ. ಜಿಟಿಎ ಮೂಲ ಗೇಮ್‌ಗಳನ್ನೂ ಟ್ರಿಲಜಿ ಬರುವ ಮುಂಚೆ ಪಿಸಿ ಅಂಗಡಿಗಳಿಂದ ತೆಗೆದಿದ್ದರು, ಜನ ಗಲಾಟೆ ಮಾಡಿದ ಮೇಲೆ ತಮ್ಮ ಸ್ವಂತ ಅಂಗಡಿಯಲ್ಲಿ ವಾಪಸ್ ಇಟ್ಟರು. ಡಾರ್ಕ್ ಸೋಲ್ಸ್‌ನ ಹಳೆ ಪಿಸಿ ಆವೃತ್ತಿ ಕೂಡ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಹೊಸಬರಿಗೆ ಸಿಗದಂತಾಯಿತು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ 87 ಶೇಕಡ ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದೇ ಇಲ್ಲ ಅನ್ನುತ್ತದೆ ಅದು. ಇಂಥ ಹೊತ್ತಿನಲ್ಲಿ ಸಿಗುವ ಮೂಲವನ್ನೂ ತೆಗೆಯುವುದು ದೊಡ್ಡ ತಪ್ಪು. ಕ್ವೇಕ್ ನೋಡಿ. 2021ರಲ್ಲಿ ನೈಟ್‌ಡೈವ್ ತಂಡ ಅದನ್ನು ರೀಮಾಸ್ಟರ್ ಮಾಡಿದಾಗ ಮೂಲ ಕೊಂಡಿದ್ದವರಿಗೆ ಉಚಿತವಾಗಿ ಸಿಕ್ಕಿತು, 2023ರಲ್ಲಿ ಕ್ವೇಕ್ 2 ಕೂಡ ಹಾಗೇ ಬಂತು. ಎರಡೂ ಚುರುಕಾಗಿ ಓಡುತ್ತವೆ, ಎರಡೂ ಒಂದೊಂದು ವಾರಾಂತ್ಯದಲ್ಲಿ ಮುಗಿಸಬಹುದಾದವು. ಈ ಪಟ್ಟಿಯಲ್ಲಿ ಯೋಚನೆಯೇ ಇಲ್ಲದೆ ಹೌದು ಅನ್ನಬಹುದಾದ ಗೇಮ್‌ಗಳಲ್ಲಿ ಇವೂ ಸೇರಿವೆ.

ಆಬ್ಲಿವಿಯನ್ ರೀಮಾಸ್ಟರ್ಡ್ ಬಗ್ಗೆ ನನ್ನ ಅಭಿಪ್ರಾಯ ಎರಡು ಕಡೆ ಎಳೆಯುತ್ತದೆ. 2025ರ ಏಪ್ರಿಲ್ 22ರಂದು ಘೋಷಣೆ, ಅವತ್ತೇ ಬಿಡುಗಡೆ. ಚಿತ್ರ ಅನ್‌ರಿಯಲ್ ಎಂಜಿನ್ 5ರದ್ದು, ಒಳಗಿನ ಲೆಕ್ಕಾಚಾರ 2006ರ ಹಳೆ ಎಂಜಿನ್‌ದೇ (ಎಂಜಿನ್ ಅಂದರೆ ಗೇಮನ್ನು ಓಡಿಸುವ ಮೂಲ ಸಾಫ್ಟ್‌ವೇರ್). ಅತಿ ಮುಖ್ಯವಾದ ದುರಸ್ತಿ ಲೆವೆಲ್ ಏರುವ ಪದ್ಧತಿಯಲ್ಲಿದೆ. ಹಳೆಯದರಲ್ಲಿ ನೀವು ಏರಿದಂತೆ ಶತ್ರುಗಳೂ ಬಲಿಯುತ್ತಿದ್ದರು, ಯಾವ ಕೌಶಲವನ್ನು ಎಷ್ಟು ಬಳಸಿದಿರಿ ಅನ್ನುವುದರ ಮೇಲೆ ನಿಮಗೆ ಸಿಗುವ ಅಂಕ ನಿಂತಿತ್ತು, ಲೆಕ್ಕ ಇಡದೆ ಸಹಜವಾಗಿ ಆಡಿದವರು ಏರಿದಷ್ಟೂ ದುರ್ಬಲರಾಗುತ್ತಿದ್ದರು. ಈಗ ಪ್ರತಿ ಲೆವೆಲ್‌ಗೂ ನಿಗದಿಯಾದ ಅಂಕ ಸಿಗುತ್ತದೆ, ಬೇಕಾದಲ್ಲಿ ಹಾಕಿಕೊಳ್ಳಬಹುದು. ಮೊದಲಿಗಿಂತ ಜೋರಾಗಿ ಓಡುವುದಕ್ಕೂ ಅವಕಾಶ ಇದೆ. ಜನರ ವಿಚಿತ್ರ ಮಾತುಕತೆ, ಹಳೆ ಬಗ್‌ಗಳು, ಒಬ್ಬ ಪಾತ್ರದ ಧ್ವನಿ ಕೊಟ್ಟವರು ನಡುವೆ ತಡೆದು ಮತ್ತೆ ಹೇಳುತ್ತೇನೆ ಅಂದಿದ್ದು ಕೂಡ ಹಾಗೇ ಇಟ್ಟಿದ್ದಾರೆ, ಅದು ನನಗೆ ತುಂಬಾ ಇಷ್ಟವಾಯಿತು. ಆದರೆ ಬಯಲಿಗೆ ಬಂದು ಕುದುರೆ ಓಡಿಸಿದರೆ ಒಳ್ಳೆಯ ಪಿಸಿಯಲ್ಲೂ ತಡವರಿಸುತ್ತದೆ. ಹಳೆ ಗೇಮಿನ ಹಸಿರು ಛಾಯೆಯ ಕನಸಿನಂಥ ಬೆಳಕು ಕೂಡ ಕಂದು ಬಣ್ಣಕ್ಕೆ ತಿರುಗಿದೆ. ಮೂಲವನ್ನು ಅರ್ಧಕ್ಕೆ ಬಿಟ್ಟವರು ಇದನ್ನು ಆಡಲಿ. ಪೂರ್ತಿ ಮುಗಿಸಿದವರಿಗೆ ಅವಸರ ಬೇಡ.

ರೀಮೇಕ್‌ಗಳನ್ನು ಬೇರೆ ಗೇಮ್ ಅಂತಲೇ ನೋಡಬೇಕು. 1998ರ ರೆಸಿಡೆಂಟ್ ಈವಿಲ್ 2ರಲ್ಲಿ ಕ್ಯಾಮೆರಾ ಗೋಡೆಯ ಮೂಲೆಯಲ್ಲಿ ಕೂತಿರುತ್ತಿತ್ತು, 2019ರದ್ದರಲ್ಲಿ ಹೆಗಲ ಹಿಂದೆ ಬಂದಿದೆ. ಅದೇ ಪೊಲೀಸ್ ಠಾಣೆ, ಆದರೆ ಹೆದರಿಕೆ ಹುಟ್ಟುವ ರೀತಿಯೇ ಬೇರೆ. ಎರಡನ್ನೂ ಆಡಿ, ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. ಮೊದಲ ಗೇಮಿನ 2002ರ ರೀಮೇಕ್ ಹಳೆ ಕ್ಯಾಮೆರಾ ಉಳಿಸಿಕೊಂಡೇ ಒಂದು ಹೊಸ ಕಾಟ ಸೇರಿಸಿತು. ಕೊಂದ ಜೊಂಬಿಯನ್ನು ಸುಡದೆ ಬಿಟ್ಟರೆ ಅದು ಆಮೇಲೆ ಇನ್ನೂ ವೇಗವಾಗಿ ಎದ್ದುಬರುತ್ತದೆ. ಮನೆಯ ದಾರಿಯೆಲ್ಲ ಬಾಯಿಪಾಠ ಇದ್ದವರಿಗೂ ಮತ್ತೆ ಯೋಚಿಸಿ ನಡೆಯುವ ಹಾಗೆ ಮಾಡಿದ್ದು ಅದು. ಹಳೆ ಆಟಗಾರರನ್ನು ಮನಸ್ಸಿನಲ್ಲಿಟ್ಟು ಮಾಡಿದ ಬದಲಾವಣೆ ಅಂದರೆ ಇಂಥದ್ದು. ಅದರ ಎಚ್‌ಡಿ ರೂಪ 2015ರಿಂದ ಸಿಗುತ್ತಿದೆ, ತಗೊಳ್ಳಿ. ಫೈನಲ್ ಫ್ಯಾಂಟಸಿ 7ರ 2020ರ ರೀಮೇಕ್ ಮಾತ್ರ ಮೂಲ ಗೇಮಿನ ಮೊದಲ ನಗರವನ್ನಷ್ಟೇ ಒಂದು ಪೂರ್ಣ ಗೇಮ್ ಆಗಿ ಹಿಗ್ಗಿಸಿದೆ. ಯುದ್ಧ ಚೆನ್ನಾಗಿದೆ, ಆದರೆ 1997ರ ಗೇಮ್ ನೆನಪಾಗಿ ಮತ್ತೆ ಆಡಬೇಕು ಅನಿಸಿದರೆ 1997ರದ್ದನ್ನೇ ಆಡಿ. ಅದೇ ಸರಣಿಯ ಮೊದಲ ಆರು ಗೇಮ್‌ಗಳ ಪಿಕ್ಸೆಲ್ ರೀಮಾಸ್ಟರ್‌ಗಳಲ್ಲಿ, ಕನ್ಸೋಲ್ ಆವೃತ್ತಿಗಳಿಂದ ಶುರುವಾಗಿ, ದಾರಿಯಲ್ಲಿ ಎದುರಾಗುವ ಜಗಳಗಳನ್ನೇ ನಿಲ್ಲಿಸುವ ಆಯ್ಕೆ ಇದೆ. ಕಥೆಗಾಗಿ ಮತ್ತೆ ಬರುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

ತೀರಾ ಇತ್ತೀಚಿನ ಗೇಮ್‌ಗಳ ರೀಮಾಸ್ಟರ್ ನನಗೆ ಅರ್ಥವಾಗುವುದಿಲ್ಲ. ದ ಲಾಸ್ಟ್ ಆಫ್ ಅಸ್ 2013ರಲ್ಲಿ ಬಂತು, 2014ರಲ್ಲಿ ಒಂದು ಸಲ ರೀಮಾಸ್ಟರ್, 2022ರಲ್ಲಿ ಇನ್ನೊಂದು ಸಲ ರೀಮೇಕ್. ಹೊರೈಜನ್ ಜೀರೊ ಡಾನ್ 2017ರದ್ದು, 2024ರಲ್ಲಿ ರೀಮಾಸ್ಟರ್. ಮುಂಚೆಯೇ ಚೆನ್ನಾಗಿ ಓಡುತ್ತಿದ್ದ, ಚೆನ್ನಾಗಿ ಕಾಣುತ್ತಿದ್ದ ಗೇಮ್‌ಗಳು ಇವು, ಕೈಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಆಡಿ ಮುಗಿಸಿದವರು ಆರಾಮಾಗಿ ಬಿಡಬಹುದು. ಒಂದು ವಿಷಯಕ್ಕೆ ಮಾತ್ರ ನಾನು ತಲೆಬಾಗುತ್ತೇನೆ, 2022ರ ಲಾಸ್ಟ್ ಆಫ್ ಅಸ್‌ನಲ್ಲಿ ಕಥಾದೃಶ್ಯಗಳಲ್ಲಿ ಏನು ನಡೆಯುತ್ತಿದೆ ಅಂತ ಧ್ವನಿಯಲ್ಲಿ ವಿವರಿಸುವ ಸೌಲಭ್ಯ ಇದೆ. ಕಣ್ಣು ಕಾಣದವರು ಆ ಕಥೆಯನ್ನು ತಾವೇ ಆಡಿ ಮುಗಿಸಬಹುದು. ಅವರ ಪಾಲಿಗೆ ಇದು ಮೊದಲ ಸಲದ ಗೇಮ್, ಅಲ್ವಾ.

ಕೊಳ್ಳುವ ಮುಂಚೆ ಬಿಡುಗಡೆಯಾಗಿ ಸ್ವಲ್ಪ ದಿನ ಕಳೆಯಲಿ, ಮೊದಲ ಪ್ಯಾಚ್‌ಗಳು ಬರಲಿ. ಆಡುವುದನ್ನು ಯಾರಾದರೂ ಚಿತ್ರೀಕರಿಸಿದ್ದರೆ ಕಥೆಯ ದೃಶ್ಯ ಬಿಟ್ಟು ಸುಮ್ನೆ ಓಡಾಡುವ, ಮೆನು ತೆರೆಯುವ ಭಾಗ ನೋಡಿ, ಬದಲಾಗಿರುವುದು ಅಲ್ಲೇ ಗೊತ್ತಾಗುತ್ತದೆ. ಹಳೆ ಕಂಟ್ರೋಲ್ ಆಯ್ಕೆ ಇದೆಯಾ, ಹಳೆ ಗ್ರಾಫಿಕ್ಸ್ ಆಯ್ಕೆ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಮೂಲ ಗೇಮ್ ಅಂಗಡಿಯಲ್ಲಿ ಇನ್ನೂ ಇದ್ದರೆ, ಹೊಸದು ಬರುವ ಸುದ್ದಿ ಕೇಳಿದ ಕೂಡಲೇ ಅದನ್ನು ಕೊಂಡಿಟ್ಟುಕೊಳ್ಳಿ.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದವರಿಗೆ ನನ್ನ ಆಯ್ಕೆ 2023ರ ಮೆಟ್ರಾಯ್ಡ್ ಪ್ರೈಮ್ ರೀಮಾಸ್ಟರ್ಡ್. 2002ರ ಮೂಲವೇ 60 ಫ್ರೇಮ್‌ನಲ್ಲಿ ಓಡುತ್ತಿತ್ತು, ಇದೂ ಹಾಗೇ ಓಡುತ್ತದೆ. ಹಳೆಯದರಲ್ಲಿ ಒಂದೇ ಸ್ಟಿಕ್‌ನಲ್ಲಿ ನಡೆಯಬೇಕು, ತಿರುಗಬೇಕು, ತಲೆ ಎತ್ತಿ ನೋಡಬೇಕು ಅಂದರೆ ನಿಂತುಕೊಳ್ಳಬೇಕು. ಇಲ್ಲಿ ಎರಡು ಸ್ಟಿಕ್‌ಗಳಲ್ಲಿ ಸಲೀಸಾಗಿ ಆಡಬಹುದು, ಹಳೆ ಜೋಡಣೆಯೇ ಬೇಕು ಅನ್ನುವವರಿಗೆ ಅದೂ ಇದೆ. ನಕ್ಷೆ, ಒಗಟು, ಶತ್ರುಗಳ ಜಾಗ ಯಾವುದನ್ನೂ ಕದಲಿಸಿಲ್ಲ. ಮೂಲ ಗೇಮಿನ ಎಲ್ಲ ಕೆಲಸಗಾರರ ಹೆಸರುಗಳನ್ನು ಕೊನೆಯ ಪಟ್ಟಿಯಲ್ಲಿ ಹಾಕಿಲ್ಲ ಅನ್ನುವುದೊಂದು ಇದರ ಮೇಲಿರುವ ನಿಜವಾದ ದೂರು. ಅದು ಬಿಟ್ಟರೆ, ಮೊದಲ ಸಲ ಆಡುವವರಿಗೂ ಮತ್ತೆ ಆಡುವವರಿಗೂ ಧೈರ್ಯವಾಗಿ ಕೊಡಬಹುದಾದ ಗೇಮ್ ಇದು.